ಜ್ಞಾನದಾನಕ್ಕೆ ಪಾತ್ರರು ಯಾರು?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕಧರ್ಮದ ಅಂಗಗಳೆಂದು ಜೈನಾಚಾರ್ಯರು ಸಾರಿದ್ದಾರೆ. ಈ ನಾಲ್ಕರಲ್ಲಿ ಶಾಸ್ತ್ರದಾನವನ್ನು, ಅಂದರೆ ಜ್ಞಾನದಾನವನ್ನು, ಇಂದಿನ ಜೈನ ಸಮಾಜವು ಶಾಲೆ ಕಾಲೇಜುಗಳ ಸ್ಥಾಪನೆ, ವಿದ್ಯಾರ್ಥಿವೇತನ, ಪುಸ್ತಕ ವಿತರಣೆ ಹಾಗೂ ವರ್ಷಕ್ಕೊಮ್ಮೆ ನಡೆಯುವ ಪ್ರತಿಭಾ ಪುರಸ್ಕಾರ ಸಮಾರಂಭಗಳ ಮೂಲಕ ನೆರವೇರಿಸುತ್ತಿದೆ. ಇವೆಲ್ಲದರ ಹಿಂದಿರುವ ಉದ್ದೇಶವು ಶುದ್ಧವಾದುದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಉದ್ದೇಶ ಶುದ್ಧವಾಗಿದ್ದ ಮಾತ್ರಕ್ಕೆ ದಾನವು ಪೂರ್ಣವಾಗುವುದಿಲ್ಲ. ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವವನ ಭಾವ, ಪಡೆಯುವವನ ಪಾತ್ರತೆ ಈ ನಾಲ್ಕರ ಮೇಲೆ ದಾನದ ಫಲವು ನಿಂತಿದೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಹಾಗಾದರೆ ಜ್ಞಾನದಾನಕ್ಕೆ ಪಾತ್ರರು ಯಾರು? ಪರೀಕ್ಷೆಯಲ್ಲಿ ಶೇಕಡ 95 ಅಂಕ ಗಳಿಸಿದ ಬಾಲಕನೋ, ಆರನೆಯ ತರಗತಿಗೆ ಬಂದರೂ ಕನ್ನಡದ ಒಂದು ಪುಟವನ್ನು ತಡವರಿಸದೆ ಓದಲಾರದ ಬಾಲಕಿಯೋ? ಬಸದಿಗಳ, ಟ್ರಸ್ಟುಗಳ ಆಯವ್ಯಯ ಪತ್ರಗಳು ಈ ಪ್ರಶ್ನೆಗೆ ಪ್ರತಿವರ್ಷವೂ ಮೌನವಾಗಿ ಉತ್ತರ ಕೊಡುತ್ತಲೇ ಇವೆ. ಆ ಉತ್ತರವು ಧರ್ಮಸಮ್ಮತವೇ ಎಂಬುದು ವಿಚಾರಣೀಯ.

ಅಂತರವು ಎಲ್ಲಿದೆ?

ಕಲಿಕೆಯಲ್ಲಿನ ಅಂತರವು ಕನ್ನಡ ನಾಡಿಗೆ ಹೊಸ ವಿಷಯವಲ್ಲ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1918ರಲ್ಲಿಯೇ, ಹಿಂದುಳಿದ ಸಮುದಾಯಗಳ ಸ್ಥಿತಿಯನ್ನು ಪರಿಶೀಲಿಸಲು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕಗೊಂಡಿತ್ತು. 1961ರಲ್ಲಿ ವರದಿ ಸಲ್ಲಿಸಿದ ನಾಗನಗೌಡ ಸಮಿತಿಯು ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿರುವವರ ಸಂಖ್ಯೆಯನ್ನೇ ಅಳತೆಗೋಲಾಗಿ ಬಳಸಿತು. ಆಗ ರಾಜ್ಯದ ಸರಾಸರಿಯು ಸಾವಿರ ಜನಸಂಖ್ಯೆಗೆ ಕೇವಲ 6.9. ಅಂದಿನ ಪ್ರಶ್ನೆಯು ಶಾಲೆಯ ಹೊಸಿಲನ್ನು ದಾಟಿ ಬಂದವರೆಷ್ಟು ಎಂಬುದಾಗಿತ್ತು. ಇಂದು ಹೊಸಿಲನ್ನು ಬಹುಪಾಲು ಮಕ್ಕಳು ದಾಟಿದ್ದಾರೆ. ದಾಟಿದ ಬಳಿಕ ಕಲಿತವರೆಷ್ಟು ಎಂಬುದೇ ಇಂದಿನ ಪ್ರಶ್ನೆ. ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2022ರಲ್ಲಿ ಶೇಕಡ 16.3 ಇದ್ದರು; 2024ರಲ್ಲಿ ಶೇಕಡ 23.4ಕ್ಕೆ ಏರಿದರು. ಏರಿಕೆಯು ಸಮಾಧಾನ ತರುವಂಥದೇ. ಆದರೂ ನಾಲ್ವರಲ್ಲಿ ಮೂವರು ಹಿಂದೆಯೇ ಉಳಿದಿದ್ದಾರೆ. ಕರ್ನಾಟಕದಲ್ಲಿ 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯ ಫಲಿತಾಂಶವು ಶೇಕಡ 66.14. ಅದರಲ್ಲಿಯೂ ಸರ್ಕಾರಿ ಶಾಲೆಗಳಿಗಿಂತ ಅನುದಾನರಹಿತ ಖಾಸಗಿ ಶಾಲೆಗಳ ಫಲಿತಾಂಶವು ಹತ್ತಕ್ಕೂ ಹೆಚ್ಚು ಅಂಶಗಳಷ್ಟು ಮೇಲಿತ್ತು.

ಈ ಅಂತರವನ್ನು ಕಾಣಲು ದೂರದ ಹಳ್ಳಿಗಳಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಪಶ್ಚಿಮ ಭಾಗವನ್ನು ಅವಲೋಕಿಸಿದರೆ ಸಾಕು. 1949ರಲ್ಲಿ ಕೈಗಾರಿಕಾ ಉಪನಗರವಾಗಿ ರೂಪುಗೊಂಡ ರಾಜಾಜಿನಗರದಿಂದ ಮೊದಲಾಗಿ ಬಸವೇಶ್ವರನಗರ, ವಿಜಯನಗರಗಳನ್ನು ಹಾದು ಕೆಂಗೇರಿಯವರೆಗಿನ ಬಡಾವಣೆಗಳಲ್ಲಿ ವರ್ತಕರು, ನೌಕರರು, ನಿವೃತ್ತರು ನೆಮ್ಮದಿಯಿಂದ ನೆಲೆಸಿದ್ದಾರೆ. ಜೈನ ಕುಟುಂಬಗಳೂ ಗಣನೀಯವಾಗಿವೆ. ವಿಜಯನಗರ, ಹಂಪಿನಗರ, ಅತ್ತಿಗುಪ್ಪೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಕೇಂದ್ರಗಳು ಸಾಲುಗಟ್ಟಿ ನಿಂತಿವೆ. ಇದೇ ಭಾಗದಲ್ಲಿ, ಮಾಗಡಿ ರಸ್ತೆಯ ಹಾಗೂ ಕಾಮಾಕ್ಷಿಪಾಳ್ಯದ ಒಳಗಲ್ಲಿಗಳಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಿದ್ದಾರೆ. ಅವರ ತಾಯಂದಿರು ಪೀಣ್ಯದ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೋಗುತ್ತಾರೆ. ಕೆಲವರು ಮನೆಯಲ್ಲೇ ಕುಳಿತು ಊದಿನಕಡ್ಡಿ ಹೊಸೆಯುತ್ತಾರೆ. ಕೆಂಗೇರಿಯಾಚೆ ಏಳುತ್ತಿರುವ ಕಟ್ಟಡಗಳ ಪಕ್ಕದ ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಗಳಿಂದ ಬಂದ ಕೂಲಿಕಾರರ ಮಕ್ಕಳಿದ್ದಾರೆ. ಕಟ್ಟಡ ಮುಗಿದರೆ ಆ ಮಕ್ಕಳ ಶಾಲೆಯೂ ಬದಲಾಗುತ್ತದೆ.

ಒಂದು ಕಾರ್ಯವು ಸಿದ್ಧಿಸಲು ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕು ನಿಮಿತ್ತಗಳು ಕೂಡಿಬರಬೇಕೆಂದು ಜೈನ ದರ್ಶನವು ಬೋಧಿಸುತ್ತದೆ. ಕಲಿಕೆಯ ವಿಷಯದಲ್ಲಿ ಈ ನಾಲ್ಕನ್ನೂ ಪರೀಕ್ಷಿಸಿದರೆ ಕೊರತೆಯು ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದು ದ್ರವ್ಯ. ಹಸಿದ ಮಗುವು ಕಲಿಯಲಾರದು. ರಾಜಾಜಿನಗರದ ಹರೇಕೃಷ್ಣ ಗಿರಿಯ ಇಸ್ಕಾನ್ ದೇವಾಲಯದವರು 2000ರಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಆರಂಭಿಸಿದರು. ಅದೇ ಅಕ್ಷಯಪಾತ್ರೆಯಾಗಿ ಬೆಳೆಯಿತು. 2001ರಲ್ಲಿ ಸುಪ್ರೀಂ ಕೋರ್ಟು ಬಿಸಿಯೂಟವನ್ನು ಕಡ್ಡಾಯಗೊಳಿಸಿದ ಬಳಿಕ ರಾಜ್ಯ ಸರ್ಕಾರದ ಅಕ್ಷರ ದಾಸೋಹವೂ, 2013ರಿಂದ ಕ್ಷೀರಭಾಗ್ಯವೂ ಬಂದವು. ಪಠ್ಯಪುಸ್ತಕ, ಸಮವಸ್ತ್ರಗಳನ್ನು ಸರ್ಕಾರವೇ ಕೊಡುತ್ತದೆ. ದ್ರವ್ಯದ ಕೊರತೆಯು ಪೂರ್ಣವಾಗಿ ನೀಗಿಲ್ಲವಾದರೂ ಒಂದು ತಲೆಮಾರಿನ ಹಿಂದಿದ್ದಷ್ಟು ಇಲ್ಲ.

ಎರಡನೆಯದು ಕ್ಷೇತ್ರ. ಒಂದೇ ಕೋಣೆಯಲ್ಲಿ ಅಡುಗೆ, ನಿದ್ರೆ, ದೂರದರ್ಶನ, ನೆಂಟರ ಉಪಚಾರ ಎಲ್ಲವೂ ನಡೆಯುವಾಗ ಪುಸ್ತಕ ಬಿಚ್ಚಿ ಕೂರಲು ಮೂಲೆಯೇ ಇರುವುದಿಲ್ಲ. ಮೂರನೆಯದು ಕಾಲ. ತಾಯಿ ಕಾರ್ಖಾನೆಯಿಂದ ಮರಳುವವರೆಗೆ ತಮ್ಮನನ್ನು ಎತ್ತಿಕೊಂಡು ನಲ್ಲಿಯ ನೀರು ಹಿಡಿದಿಡುವ ಹತ್ತು ವರ್ಷದ ಅಕ್ಕನಿಗೆ ಓದಲು ವೇಳೆ ದೊರೆಯುವುದು ನಿದ್ರೆ ಬರುವ ಹೊತ್ತಿಗೆ. ನಾಲ್ಕನೆಯದು ಭಾವ. ಎರಡು ವರ್ಷ ತರಗತಿಯಲ್ಲಿ ಏನೂ ಅರ್ಥವಾಗದೆ ಕುಳಿತ ಮಗುವು ‘ಇದು ನನ್ನ ತಲೆಗೆ ಹತ್ತುವುದಿಲ್ಲ’ ಎಂದು ತಾನೇ ತೀರ್ಮಾನಿಸುತ್ತದೆ. ಬಡತನದ ಗಾಯಗಳಲ್ಲಿ ಇದು ಅತ್ಯಂತ ಆಳವಾದುದು.

ದಾನಿಗಳು ಹೆಚ್ಚಾಗಿ ಕೊಡುತ್ತಿರುವುದು ನೋಟ್‌ಬುಕ್ಕು, ಬ್ಯಾಗು, ಜಾಮಿಟ್ರಿ ಬಾಕ್ಸುಗಳನ್ನು. ಅಂದರೆ, ನಾಲ್ಕು ನಿಮಿತ್ತಗಳಲ್ಲಿ ಯಾವುದು ಈಗಾಗಲೇ ಸ್ವಲ್ಪಮಟ್ಟಿಗೆ ಒದಗಿದೆಯೋ ಅದನ್ನೇ ಪುನಃ ಒದಗಿಸಲಾಗುತ್ತಿದೆ. ಕ್ಷೇತ್ರ, ಕಾಲ, ಭಾವಗಳ ಕೊರತೆ ಹಾಗೆಯೇ ಉಳಿದಿದೆ.

ಕರ್ಮಸಿದ್ಧಾಂತದ ಅಪಾರ್ಥ

ಇಲ್ಲಿ ಒಂದು ಆಕ್ಷೇಪಣೆಯು ಕೇಳಿಬರುವುದುಂಟು. ಬುದ್ಧಿಯ ಮಾಂದ್ಯವು ಜ್ಞಾನಾವರಣೀಯ ಕರ್ಮದ ಉದಯದಿಂದ ಬರುವುದು, ದಾರಿದ್ರ್ಯವೂ ಪೂರ್ವಾರ್ಜಿತವೇ, ಹೀಗಿರುವಾಗ ಅನ್ಯರು ಮಾಡಬಹುದಾದುದೇನು ಎಂಬುದು ಆ ಆಕ್ಷೇಪಣೆಯ ಸಾರ. ಈ ಮಾತು ಶಾಸ್ತ್ರದ ಉಡುಪನ್ನು ಧರಿಸಿದೆಯಾದರೂ ಶಾಸ್ತ್ರಸಮ್ಮತವಲ್ಲ.

ಜೀವದ ಲಕ್ಷಣವೇ ಉಪಯೋಗ, ಅಂದರೆ ಅರಿಯುವ ಚೇತನಶಕ್ತಿ. ನಿಗೋದದಲ್ಲಿರುವ ಅತ್ಯಲ್ಪ ಜೀವದಲ್ಲಿಯೂ ಜ್ಞಾನವು ಸಂಪೂರ್ಣವಾಗಿ ಮುಚ್ಚಿಹೋಗುವುದಿಲ್ಲ. ಹಾಗೆ ಮುಚ್ಚಿಹೋದರೆ ಜೀವ ಅಜೀವಗಳ ಭೇದವೇ ಅಳಿಯುತ್ತದೆಯೆಂದು ಆಚಾರ್ಯರು ಹೇಳಿದ್ದಾರೆ. ಆವರಣವೆಂದರೆ ಮುಸುಕೇ ಹೊರತು ಶೂನ್ಯವಲ್ಲ. ಮೋಡವು ಸೂರ್ಯನನ್ನು ಮರೆಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಆ ಮುಸುಕಿನ ಕ್ಷಯೋಪಶಮಕ್ಕೆ ಮೇಲೆ ಹೇಳಿದ ನಾಲ್ಕು ನಿಮಿತ್ತಗಳು ಬೇಕು. ಗುರು, ಗ್ರಂಥ, ಏಕಾಂತ, ಅಭ್ಯಾಸ ಇವೆಲ್ಲವೂ ನಿಮಿತ್ತಗಳೇ. ನಿಮಿತ್ತವನ್ನು ಒದಗಿಸದೆಯೇ ಉಪಾದಾನವನ್ನು ದೂಷಿಸುವುದು, ಬಿತ್ತದ ಹೊಲವನ್ನು ಬಂಜರೆಂದು ಹಳಿದಂತೆ.

ಇನ್ನೂ ಗಂಭೀರವಾದ ಅಂಶವೊಂದಿದೆ. ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಎಣಿಸಿದೆ. ತಿಳಿದುದನ್ನು ಮರೆಮಾಚುವ ನಿಹ್ನವ, ಇನ್ನೊಬ್ಬನು ಸಮಾನನಾದಾನು ಎಂದು ಕಲಿಸದಿರುವ ಮಾತ್ಸರ್ಯ, ಕಲಿಯುವವನಿಗೆ ಅಡ್ಡಿಯೊಡ್ಡುವ ಅಂತರಾಯ ಇವು ಆ ಕಾರಣಗಳಲ್ಲಿ ಸೇರಿವೆ. ಇಲ್ಲಿ ಗಮನಿಸತಕ್ಕದ್ದೆಂದರೆ ಕಲಿಯಲಾರದವನಿಗಷ್ಟೇ ಅಲ್ಲ, ಕಲಿಸಬಲ್ಲವನಾಗಿದ್ದೂ ಕಲಿಸದವನಿಗೂ ಕರ್ಮಬಂಧವನ್ನು ಶಾಸ್ತ್ರವು ಹೇಳಿದೆ. ಹತ್ತಿರದ ಗಲ್ಲಿಯ ಮಗುವಿನ ಹಿಂದುಳಿಯುವಿಕೆಗೆ ಅದರ ಪೂರ್ವಜನ್ಮವನ್ನು ಕಾರಣವಾಗಿಸುವ ಶ್ರಾವಕನು, ತನ್ನ ಈ ಜನ್ಮದ ಖಾತೆಯಲ್ಲಿ ಏನು ಬರೆಯಲಾಗುತ್ತಿದೆಯೆಂಬುದನ್ನು ನೋಡಿಕೊಳ್ಳಬೇಕಾಗುತ್ತದೆ.

ಪ್ರಮೋದ ಮತ್ತು ಕಾರುಣ್ಯ

ಎರಡನೆಯ ಆಕ್ಷೇಪಣೆಯು ಮೊದಲನೆಯದಕ್ಕಿಂತ ಬಲವಾದುದು. ಪ್ರತಿಭೆಯನ್ನು ಗೌರವಿಸದ ಸಮಾಜವು ಬೆಳೆಯುವುದೆಂತು? ಕಷ್ಟಪಟ್ಟು ಓದಿ ಮೊದಲ ಸ್ಥಾನ ಗಳಿಸಿದವನಿಗೆ ಬಹುಮಾನ ಕೊಡುವುದು ತಪ್ಪೇ? ಖಂಡಿತವಾಗಿಯೂ ತಪ್ಪಲ್ಲ. ವ್ರತಿಯಾದವನು ಬೆಳೆಸಿಕೊಳ್ಳಬೇಕಾದ ನಾಲ್ಕು ಭಾವನೆಗಳಲ್ಲಿ ಗುಣಾಧಿಕರನ್ನು ಕಂಡು ಸಂತೋಷಿಸುವ ಪ್ರಮೋದವೂ ಒಂದು. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣವಂತರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ಉಪದೇಶವನ್ನು ತಿರಸ್ಕರಿಸುವವರಲ್ಲಿ ಮಾಧ್ಯಸ್ಥ್ಯ ಎಂಬುದು ಕ್ರಮ. ಪ್ರತಿಭಾ ಪುರಸ್ಕಾರವು ಪ್ರಮೋದಭಾವನೆಯ ಬಾಹ್ಯರೂಪ. ಹಿಂದುಳಿದ ಮಗುವಿಗೆ ಪಾಠ ಹೇಳಿಸುವುದು ಕಾರುಣ್ಯಭಾವನೆಯ ಬಾಹ್ಯರೂಪ. ಎರಡೂ ಉಪಾದೇಯಗಳೇ.

ದೋಷವಿರುವುದು ಅವುಗಳ ಹಂಚಿಕೆಯಲ್ಲಿ. ಪ್ರಮೋದಕ್ಕೆ ಬೇಕಾದುದು ಮನಸ್ಸಿನ ಔದಾರ್ಯ. ಒಂದು ಹಾರ, ಒಂದು ಶಾಲು, ಸಭೆಯ ಕರತಾಡನ, ಹಿರಿಯರ ಆಶೀರ್ವಾದ ಇಷ್ಟರಿಂದಲೇ ಅದು ಪೂರ್ಣವಾಗುತ್ತದೆ. ಕಾರುಣ್ಯವಾದರೋ ಹಾಗಲ್ಲ. ಕ್ಲೇಶವನ್ನು ನಿವಾರಿಸಲು ಹಣ ಬೇಕು, ಸ್ಥಳ ಬೇಕು, ಪ್ರತಿದಿನದ ವೇಳೆ ಬೇಕು. ಆದರೆ ವ್ಯವಹಾರದಲ್ಲಿ ನಡೆಯುತ್ತಿರುವುದು ಇದಕ್ಕೆ ವಿರುದ್ಧ. ಹಣವೆಲ್ಲವೂ ಪ್ರಮೋದಕ್ಕೆ ವ್ಯಯವಾಗುತ್ತಿದೆ. ಕಾರುಣ್ಯಕ್ಕೆ ಭಾಷಣವಷ್ಟೇ ಉಳಿಯುತ್ತಿದೆ. ಇನ್ನು ಕೆಲವರು ‘ಆ ಮಕ್ಕಳಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ’ ಎಂದು ಮಾಧ್ಯಸ್ಥ್ಯವನ್ನು ತಾಳುತ್ತಾರೆ. ಮಾಧ್ಯಸ್ಥ್ಯವು ಹೇಳಿದರೂ ಕೇಳದವರ ವಿಷಯದಲ್ಲಿ ವಿಹಿತವಾದುದೇ ಹೊರತು, ಯಾರೂ ಹೇಳಿಕೊಡದವರ ವಿಷಯದಲ್ಲಿ ಅಲ್ಲ.

ವರ್ತಕ ಸಮಾಜಕ್ಕೆ ಲೆಕ್ಕದ ಭಾಷೆಯು ಸಹಜವಾದುದರಿಂದ ಒಂದು ಉದಾಹರಣೆಯನ್ನು ಲೆಕ್ಕದಲ್ಲಿಯೇ ನೋಡಬಹುದು. ಒಂದು ಟ್ರಸ್ಟು ವಿದ್ಯಾನಿಧಿಯಿಂದ ವರ್ಷಕ್ಕೆ ಒಂದು ಲಕ್ಷ ರೂಪಾಯಿ ವೆಚ್ಚಮಾಡುತ್ತದೆ ಎಂದಿಟ್ಟುಕೊಳ್ಳೋಣ. ಅದನ್ನು ತಲಾ ಐದು ಸಾವಿರದಂತೆ ಇಪ್ಪತ್ತು ಮಂದಿ ಪ್ರತಿಭಾವಂತರಿಗೆ ಹಂಚಿದರೆ ಅವರ ಅಂಕಗಳು ಒಂದೂ ಹೆಚ್ಚುವುದಿಲ್ಲ. ಅವು ಆಗಲೇ ಬಂದಾಗಿವೆ. ಅದೇ ಹಣದಲ್ಲಿ ಪದವಿ ಮುಗಿಸಿದ ನೆರೆಹೊರೆಯ ತರುಣಿಯೊಬ್ಬಳಿಗೆ ತಿಂಗಳಿಗೆ ಹತ್ತು ಸಾವಿರದಂತೆ ಹತ್ತು ತಿಂಗಳು ಗೌರವಧನ ಕೊಟ್ಟು, ದಿನಕ್ಕೆ ಎರಡು ಗಂಟೆ ಇಪ್ಪತ್ತು ಮಕ್ಕಳಿಗೆ ಓದು, ಬರಹ, ಲೆಕ್ಕಗಳನ್ನು ಹೇಳಿಸಬಹುದು. ಮೊದಲನೆಯದು ಬಂದ ಲಾಭದ ಸಂಭ್ರಮ, ಎರಡನೆಯದು ಬಂಡವಾಳ. ಅಂಗಡಿಯ ಲೆಕ್ಕದಲ್ಲಿ ಈ ಭೇದವನ್ನು ಕ್ಷಣಮಾತ್ರವೂ ಮರೆಯದ ವರ್ತಕನು ದಾನದ ಲೆಕ್ಕದಲ್ಲಿ ಮರೆಯುವುದು ಆಶ್ಚರ್ಯಕರ.

ಅಂಕಗಳ ಬಗೆಗೂ ಅನೇಕಾಂತ ದೃಷ್ಟಿ ಅಗತ್ಯ. ಶೇಕಡ 95 ಎಂಬುದು ಉತ್ತರಪತ್ರಿಕೆಯ ನಯದಿಂದ ಸತ್ಯ. ಆದರೆ ಆ ಅಂಕದ ಹಿಂದೆ ಪ್ರತ್ಯೇಕ ಓದುವ ಕೋಣೆ, ಎರಡು ಮೂರು ಟ್ಯೂಷನ್ನುಗಳು, ಇಂಗ್ಲಿಷ್ ಬಲ್ಲ ತಂದೆತಾಯಿಗಳು ನಿಂತಿರಬಹುದು. ಶೇಕಡ 52ರ ಹಿಂದೆ ಇವು ಯಾವುವೂ ಇಲ್ಲದಿರಬಹುದು. ಕ್ರಮಿಸಿದ ದೂರದ ನಯದಿಂದ ನೋಡಿದರೆ ಎರಡನೆಯ ಮಗುವೇ ಮುಂದಿದ್ದೀತು. ಒಂದೇ ನಯವನ್ನು ಹಿಡಿದು ಪಾತ್ರಾಪಾತ್ರವನ್ನು ನಿರ್ಣಯಿಸುವುದು ಏಕಾಂತವಾಗುತ್ತದೆ.

ವಿರಳವಾದುದನ್ನು ಕೊಡುವುದೇ ದಾನ

ಜ್ಞಾನದಾನದ ರೂಪವು ಎಲ್ಲ ಕಾಲದಲ್ಲಿಯೂ ಒಂದೇ ಆಗಿಲ್ಲ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಅಂದು ವಿರಳವಾಗಿದ್ದುದು ಗ್ರಂಥ. ಅತ್ತಿಮಬ್ಬೆ ಗ್ರಂಥವನ್ನೇ ಕೊಟ್ಟಳು. ಮೂಡಬಿದಿರೆಯಲ್ಲಿ ಷಟ್ಖಂಡಾಗಮದ ಧವಳಾದಿ ಟೀಕೆಗಳ ತಾಳೆಗರಿಗಳು ಶತಮಾನಗಳ ಕಾಲ ಭಕ್ತಿಯಿಂದ ರಕ್ಷಿತವಾಗಿದ್ದವು, ಪೂಜಿತವಾಗಿದ್ದವು. ಆದರೆ ಅವುಗಳ ಅಧ್ಯಯನವು ವ್ಯಾಪಕವಾದುದು ಪ್ರತಿಗಳು ಹೊರಬಂದು, 1939ರಿಂದ ಧವಳಾ ಮುದ್ರಣವಾಗತೊಡಗಿದ ಮೇಲೆಯೇ. ಪೂಜೆಗೊಳ್ಳುವ ಗ್ರಂಥಕ್ಕೂ ಓದಲ್ಪಡುವ ಗ್ರಂಥಕ್ಕೂ ಇರುವ ಭೇದವನ್ನು ಜೈನ ಸಮಾಜವು ಹೀಗೆ ಸ್ವಾನುಭವದಿಂದಲೇ ಬಲ್ಲದು. ಇಂದು ಬಡ ಮಗುವಿನ ಚೀಲದಲ್ಲಿ ಪುಸ್ತಕವಿದೆ. ಅದನ್ನು ಬಿಡಿಸಿ, ಪಕ್ಕದಲ್ಲಿ ಕುಳಿತು, ಬೆರಳಿಟ್ಟು ಓದಿಸುವವರಿಲ್ಲ. ಇಂದು ವಿರಳವಾಗಿರುವುದು ಗ್ರಂಥವಲ್ಲ, ಪಕ್ಕದಲ್ಲಿ ಕುಳಿತುಕೊಳ್ಳುವ ಮನುಷ್ಯ.

ಆದಿತೀರ್ಥಂಕರನಾದ ಋಷಭದೇವನು ತನ್ನ ಪುತ್ರಿಯರಾದ ಬ್ರಾಹ್ಮಿ ಮತ್ತು ಸುಂದರಿಯರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಒಬ್ಬಳಿಗೆ ಲಿಪಿಯನ್ನೂ ಇನ್ನೊಬ್ಬಳಿಗೆ ಅಂಕವನ್ನೂ ಕಲಿಸಿದನೆಂದು ಪುರಾಣವು ಹೇಳುತ್ತದೆ. ಯುಗದ ಮೊದಲ ಪಾಠವು ನಡೆದುದು ಸಭಾಮಂಟಪದಲ್ಲಿ ಅಲ್ಲ, ತಂದೆಯ ಸಾನ್ನಿಧ್ಯದಲ್ಲಿ. ಕಲಿಸಿದುದೂ ಓದು ಮತ್ತು ಲೆಕ್ಕಗಳನ್ನೇ.

ಈ ಸಾನ್ನಿಧ್ಯದ ಫಲವನ್ನು ಆಧುನಿಕ ಅಧ್ಯಯನಗಳೂ ದೃಢಪಡಿಸಿವೆ. 2001ರಿಂದ 2003ರವರೆಗೆ ವಡೋದರ ಮತ್ತು ಮುಂಬಯಿಗಳ ಸರ್ಕಾರಿ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆಯು ‘ಬಾಲಸಖಿ’ ಎಂಬ ಪ್ರಯೋಗವನ್ನು ನಡೆಸಿತು. ಹಿಂದುಳಿದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಪ್ರತ್ಯೇಕವಾಗಿ ಕೂಡಿಸಿ, ಅದೇ ನೆರೆಯ ಸಾಮಾನ್ಯ ವಿದ್ಯಾವಂತ ತರುಣಿಯರಿಂದ ಮೂಲ ಓದು ಮತ್ತು ಲೆಕ್ಕಗಳನ್ನು ಹೇಳಿಸಲಾಯಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಅದರ ಫಲವನ್ನು ಅಳೆದು, ಅತ್ಯಂತ ಹಿಂದಿದ್ದ ಮಕ್ಕಳೇ ಹೆಚ್ಚು ಮುಂದೆ ಬಂದುದನ್ನು 2007ರಲ್ಲಿ ಪ್ರಕಟಿಸಿದರು. ಇವರಿಬ್ಬರಿಗೂ ಮೈಕೆಲ್ ಕ್ರೆಮರ್ ಅವರೊಂದಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಕರ್ನಾಟಕದಲ್ಲಿಯೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ‘ನಲಿ–ಕಲಿ’ ಪದ್ಧತಿಯು, ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದಲೇ ಏರಬೇಕೆಂಬ ತತ್ತ್ವವನ್ನು ಅಂಗೀಕರಿಸಿತ್ತು. ತರಗತಿ ಯಾವುದೆಂದು ಕೇಳದೆ, ಮಗುವು ನಿಂತಿರುವ ಮೆಟ್ಟಿಲು ಯಾವುದೆಂದು ಕೇಳುವುದೇ ಈ ಎರಡರ ಮರ್ಮ.

ಸ್ವಸಮಾಜ ಮತ್ತು ಪರಸಮಾಜ

‘ಮೊದಲು ಸ್ವಸಮಾಜದ ಬಡವರು, ಬಳಿಕ ಉಳಿದವರು’ ಎಂಬ ಮಾತೂ ಟ್ರಸ್ಟುಗಳ ಸಭೆಯಲ್ಲಿ ಬರುತ್ತದೆ. ಜೈನರಲ್ಲಿ ಬಡವರಿಲ್ಲವೆಂಬುದು ಭ್ರಮೆ. ಬಸದಿಗಳ ಪೂಜೆಯನ್ನೇ ನಂಬಿರುವ ಇಂದ್ರರ, ಉಪಾಧ್ಯೆಯರ ಕುಟುಂಬಗಳು, ಊರಿನ ತುಂಡು ಜಮೀನನ್ನು ಬಿಟ್ಟು ನಗರಕ್ಕೆ ಬಂದು ಅಂಗಡಿಗಳಲ್ಲಿ ಗುಮಾಸ್ತರಾಗಿರುವವರು ಈ ಬಡಾವಣೆಗಳಲ್ಲಿಯೇ ಇದ್ದಾರೆ. ಅವರ ಮಕ್ಕಳಿಗೆ ನೆರವಾಗುವುದು ಕರ್ತವ್ಯವೇ ಸರಿ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳಿರುವ ದತ್ತಿಗಳಲ್ಲಿ ಸಮಾನಧರ್ಮಿಗಳಿಗೆ ಕೊಡುವ ಸಮದತ್ತಿಯೂ ಇದೆ, ಅನುಗ್ರಹಯೋಗ್ಯವಾದ ಪ್ರಾಣಿಸಮೂಹಕ್ಕೆಲ್ಲ ಸಲ್ಲುವ ದಯಾದತ್ತಿಯೂ ಇದೆ. ಒಂದನ್ನು ಮಾಡಿದವನು ಇನ್ನೊಂದರಿಂದ ಮುಕ್ತನಾಗುವುದಿಲ್ಲ. ಗುಮಾಸ್ತನ ಮಗನೂ ಗಾರ್ಮೆಂಟ್ಸ್ ಕೆಲಸದಾಕೆಯ ಮಗಳೂ ಒಂದೇ ಚಾಪೆಯ ಮೇಲೆ ಕುಳಿತು ಕಲಿತರೆ ಎರಡೂ ದತ್ತಿಗಳು ಒಟ್ಟಿಗೆ ನೆರವೇರುತ್ತವೆ.

ಇದಕ್ಕೆ ಉಜ್ವಲ ನಿದರ್ಶನವು ಕರ್ಮವೀರ ಭಾವೂರಾವ್ ಪಾಟೀಲರದು. ಮೂಡಬಿದಿರೆಯ ಕಡೆಯಿಂದ ಹೋದ ಮನೆತನದಲ್ಲಿ, ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ, 1887ರಲ್ಲಿ ಜನಿಸಿದ ಈ ಜೈನ ಮಹನೀಯರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರಾದಲ್ಲಿ ಅವರು ತೆರೆದ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಗಳ ಮಕ್ಕಳೂ ಒಟ್ಟಿಗೆ ಉಂಡು, ಒಟ್ಟಿಗೆ ದುಡಿದು ಓದಿದರು. ಆ ಮಕ್ಕಳ ಊಟಕ್ಕಾಗಿ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನು, ಕೊನೆಗೆ ಮಾಂಗಲ್ಯವನ್ನೂ ಕೊಟ್ಟುಬಿಟ್ಟರು. ಆ ಮಕ್ಕಳಲ್ಲಿ ಯಾರು ಪ್ರಥಮ ದರ್ಜೆಯವರೆಂದು ಆ ತಾಯಿ ಕೇಳಿದವರಲ್ಲ.

ಕಾನೂನಿನ ವಿನಾಯಿತಿ, ವ್ರತದ ಹೊಣೆ

ಶಾಲೆಗಳನ್ನು ನಡೆಸುತ್ತಿರುವ ಟ್ರಸ್ಟುಗಳು ಇನ್ನೊಂದು ವಿಷಯವನ್ನು ಯೋಚಿಸಬೇಕಾಗಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಅನುದಾನರಹಿತ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇಕಡ 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ಕರ್ನಾಟಕದಲ್ಲಿ ಇದು 2012–13ರಿಂದ ನಡೆಯಿತು. 2019ರಲ್ಲಿ ರಾಜ್ಯದ ನಿಯಮ ಬದಲಾಗಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದಲ್ಲಿ ಖಾಸಗಿ ಶಾಲೆಯ ಆ ಬಾಗಿಲು ಮುಚ್ಚಿತು. ಅತ್ತ, 2014ರ ಜನವರಿಯಲ್ಲಿ ಜೈನ ಸಮಾಜಕ್ಕೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನವು ದೊರೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಅಲ್ಪಸಂಖ್ಯಾತ ವಿದ್ಯಾಸಂಸ್ಥೆಗಳಿಗೆ ಆ ಕಾಯಿದೆಯು ಅನ್ವಯಿಸದೆಂದು ತೀರ್ಪಿತ್ತಿತು. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವು ಆ ವಿನಾಯಿತಿಯ ಔಚಿತ್ಯವನ್ನು ಪ್ರಶ್ನಿಸಿ, ವಿಷಯವನ್ನು ವಿಸ್ತೃತ ಪೀಠದ ಪರಿಶೀಲನೆಗೆ ಒಪ್ಪಿಸಲು ಕೋರಿತು.

ನ್ಯಾಯಾಲಯವು ಏನೇ ತೀರ್ಮಾನಿಸಲಿ, ಅದು ಹಕ್ಕಿನ ಪ್ರಶ್ನೆ. ಅಲ್ಪಸಂಖ್ಯಾತರ ಹಕ್ಕು ಸಂವಿಧಾನವು ದಯಪಾಲಿಸಿದ ಅಮೂಲ್ಯ ರಕ್ಷಣೆ, ಅದನ್ನು ಕಾಪಾಡಿಕೊಳ್ಳಬೇಕು. ಆದರೆ ಅಣುವ್ರತಗಳು ಕಾಯಿದೆಯ ಬಲದಿಂದ ಹುಟ್ಟಿದವಲ್ಲ. ಕಾಯಿದೆಯ ವಿನಾಯಿತಿಯಿಂದ ಅವು ಸಡಿಲವಾಗುವುದೂ ಇಲ್ಲ. ಪರಿಗ್ರಹಪರಿಮಾಣವು ಹೊನ್ನು, ಹೊಲ, ಮನೆಗಳಿಗೆ ಮಾತ್ರ ಸೀಮಿತವೆಂದು ತಿಳಿಯಬೇಕಾಗಿಲ್ಲ. ಶಾಲೆಯ ಸ್ಥಾನಗಳೂ ಒಂದು ಬಗೆಯ ಸಂಪತ್ತು. ಕಾನೂನಿನ ಬಲವಂತವಿಲ್ಲದೆ ಸ್ವಇಚ್ಛೆಯಿಂದ ಬಿಟ್ಟುಕೊಟ್ಟ ಸ್ಥಾನವೇ ನಿಜವಾದ ದಾನವೆನಿಸುತ್ತದೆ. ಹಾಗೆ ಸೇರಿಸಿಕೊಂಡ ಮಗುವನ್ನು ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲಿ ಒಂಟಿಯಾಗಿ ಬಿಟ್ಟರೆ ಅದೂ ಅಪೂರ್ಣವೇ. ಸ್ಥಾನದೊಂದಿಗೆ ಸಂಜೆಯ ಪಾಠವೂ ಸೇರಬೇಕು.

ಮಾಡಬಹುದಾದುದು

ಇದಕ್ಕೆ ದೊಡ್ಡ ಕಟ್ಟಡಗಳ ಅಗತ್ಯವಿಲ್ಲ. ಹಲವು ಬಸದಿಗಳಿಗೆ ಹೊಂದಿಕೊಂಡಂತೆ ಸ್ವಾಧ್ಯಾಯ ಮಂದಿರವೋ ಸಮುದಾಯ ಭವನವೋ ಇರುತ್ತದೆ. ವಾರದ ಬಹುಪಾಲು ಸಂಜೆಗಳಲ್ಲಿ ಅದು ಬೀಗ ಹಾಕಿಯೇ ಇರುತ್ತದೆ. ಸಂಜೆ ಎರಡು ಗಂಟೆ ಅದನ್ನು ತೆರೆದು, ದೀಪ ಹಚ್ಚಿ, ಚಾಪೆ ಹಾಸಿದರೆ ಕ್ಷೇತ್ರದ ಕೊರತೆ ನೀಗುತ್ತದೆ. ಚಿಕ್ಕ ತಮ್ಮ ತಂಗಿಯರನ್ನು ಕರೆತರಲು ಅಕ್ಕಂದಿರಿಗೆ ಅನುಮತಿಯಿತ್ತು, ಆ ಶಿಶುಗಳನ್ನು ನೋಡಿಕೊಳ್ಳಲು ಒಬ್ಬರು ಹಿರಿಯ ಮಹಿಳೆ ಒಪ್ಪಿದರೆ ಕಾಲದ ಕೊರತೆಯೂ ನೀಗುತ್ತದೆ.

ಇನ್ನು ಕಲಿಸುವವರು. ರಾತ್ರಿಭೋಜನತ್ಯಾಗವನ್ನು ಪಾಲಿಸುವ ಕುಟುಂಬಗಳಲ್ಲಿ ಸೂರ್ಯಾಸ್ತದ ಮುನ್ನವೇ ಊಟ ಮುಗಿದಿರುತ್ತದೆ. ಉಳಿದ ನಗರವು ಅಡುಗೆಯಲ್ಲಿ ತೊಡಗಿರುವ ಹೊತ್ತಿನಲ್ಲಿ ಜೈನ ಗೃಹಸ್ಥರಿಗೆ ಎರಡು ಗಂಟೆಯ ಬಿಡುವಿರುತ್ತದೆ. ಪೂರ್ವಜರು ಅಹಿಂಸೆಗಾಗಿ ಗಳಿಸಿಕೊಟ್ಟ ಈ ವೇಳೆಯನ್ನು ಜ್ಞಾನದಾನಕ್ಕೆ ವಿನಿಯೋಗಿಸುವುದಕ್ಕಿಂತ ಉತ್ತಮವಾದ ಬಳಕೆಯುಂಟೇ? ನಿವೃತ್ತ ಶಿಕ್ಷಕರು, ಲೆಕ್ಕಪತ್ರದಲ್ಲಿ ಪಳಗಿದ ವರ್ತಕರು, ಮನೆಯಲ್ಲಿರುವ ಪದವೀಧರ ಮಹಿಳೆಯರು ವಾರಕ್ಕೆ ಎರಡು ಸಂಜೆಗಳ ನಿಯಮವನ್ನು ಚಾತುರ್ಮಾಸದ ಮಟ್ಟಿಗಾದರೂ ಸ್ವೀಕರಿಸಬಹುದು. ಆದರೆ ಪ್ರತಿದಿನದ ಹೊಣೆಯನ್ನು ಗೌರವಧನ ಪಡೆಯುವ ಒಬ್ಬ ಶಿಕ್ಷಕಿಗೆ ವಹಿಸುವುದೇ ಕ್ಷೇಮ. ಉತ್ಸಾಹವು ಇಳಿದರೂ ಪಾಠವು ನಿಲ್ಲಬಾರದು.

ಜ್ಯೇಷ್ಠ ಶುಕ್ಲ ಪಂಚಮಿಯಾದ ಶ್ರುತಪಂಚಮಿಯು ಹೆಚ್ಚುಕಡಿಮೆ ಶಾಲೆಗಳು ಆರಂಭವಾಗುವ ಕಾಲಕ್ಕೇ ಬರುತ್ತದೆ. ಜಿನವಾಣಿಯನ್ನು ಪೂಜಿಸುವ ಆ ದಿನದಂದೇ ಪ್ರತಿ ಮಗುವಿಗೂ ಎರಡನೆಯ ತರಗತಿಯ ಒಂದು ಪುಟ ಓದಲು, ದಶಕ ತೆಗೆದುಕೊಂಡು ಕಳೆಯುವ ಒಂದು ಲೆಕ್ಕ ಮಾಡಲು ಕೊಟ್ಟು, ಫಲವನ್ನು ಬರೆದಿಟ್ಟುಕೊಳ್ಳಲಿ. ವಯಸ್ಸನ್ನು ನೋಡದೆ, ತಿಳಿವಳಿಕೆಯನ್ನು ನೋಡಿ ಗುಂಪು ಮಾಡಲಿ. ದಶಲಕ್ಷಣ ಪರ್ವದ ಎಂಟನೆಯ ದಿನವಾದ ಉತ್ತಮ ತ್ಯಾಗದಂದು ಟ್ರಸ್ಟಿನ ಸಭೆಯ ಮುಂದೆ ಅದೇ ಪುಟವನ್ನು ಪುನಃ ಓದಿಸಿ, ವ್ಯತ್ಯಾಸವನ್ನು ವರದಿ ಮಾಡಲಿ. ಬಹುಮಾನ ಕೊಡಲೇಬೇಕೆಂದಿದ್ದರೆ ಅತಿ ಹೆಚ್ಚು ದೂರ ಕ್ರಮಿಸಿದ ಮಗುವಿಗೂ ಒಂದನ್ನು ಕೊಡಲಿ. ಭಾವದ ಕೊರತೆಗೆ ಅದೇ ಔಷಧ. ಎಂಟನೆಯ ತರಗತಿಯವರನ್ನು ಕೇಂದ್ರ ಸರ್ಕಾರದ ಎನ್.ಎಂ.ಎಂ.ಎಸ್. ಪರೀಕ್ಷೆಗೆ ಸಿದ್ಧಪಡಿಸಿದರೆ, ತೇರ್ಗಡೆಯಾಗಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿಯಂತೆ ವಿದ್ಯಾರ್ಥಿವೇತನ ದೊರೆಯುತ್ತದೆ. ಟ್ರಸ್ಟು ಕೊಡಲಾರದ ಮೊತ್ತವನ್ನು ಟ್ರಸ್ಟಿನ ಪಾಠವು ಕೊಡಿಸುತ್ತದೆ.

ಈ ಕಾರ್ಯಕ್ಕೆ ಒಂದು ಗಡುವೂ ಉಂಟು. ಕೊರೊನಾ ಕಾಲದಲ್ಲಿ, 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳು ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಪುನಃ ತೆರೆದದ್ದು 2021ರ ಅಕ್ಟೋಬರ್ 25ರಂದು. ಮನೆಯಲ್ಲಿ ಮೊಬೈಲೂ ಕಲಿಸುವವರೂ ಇದ್ದ ಮಕ್ಕಳು ಹೇಗೋ ಅಕ್ಷರ ಕಲಿತರು. ಉಳಿದವರು ಅಕ್ಷರ ಕಲಿಯಬೇಕಾದ ವಯಸ್ಸಿನಲ್ಲಿಯೇ ಶಾಲೆಯಿಂದ ಹೊರಗುಳಿದರು. 2022–23ರಲ್ಲಿ ರಾಜ್ಯ ಸರ್ಕಾರವು ‘ಕಲಿಕಾ ಚೇತರಿಕೆ’ಯನ್ನು ನಡೆಸಿತಾದರೂ ಎರಡು ವರ್ಷಗಳ ಬುನಾದಿಯು ಒಂದೇ ವರ್ಷದಲ್ಲಿ ಪೂರ್ಣವಾಗಿ ತುಂಬಿಬರುವಂಥದಲ್ಲ. 2020–21ರಲ್ಲಿ ಒಂದನೆಯ ತರಗತಿಯಲ್ಲಿದ್ದ ಆ ಮಕ್ಕಳು 2030ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಲಿದ್ದಾರೆ. ಅಂದು ಫಲಿತಾಂಶ ಬಂದ ಮೇಲೆ ಕೊಡುವ ಯಾವ ಶಾಲು, ಯಾವ ಫಲಕವೂ ಇಂದಿನ ಕೊರತೆಯನ್ನು ತುಂಬಲಾರದು. ಟ್ರಸ್ಟುಗಳ ಆಡಳಿತ ಮಂಡಲಿಗಳು ಬರುವ ವಾರ್ಷಿಕ ಸಭೆಯಲ್ಲಿ ವಿದ್ಯಾನಿಧಿಯ ಲೆಕ್ಕವನ್ನು ಎದುರಿಗಿಟ್ಟುಕೊಂಡು, ಪ್ರಮೋದಕ್ಕೆಷ್ಟು, ಕಾರುಣ್ಯಕ್ಕೆಷ್ಟು ಎಂದು ಎರಡು ಕಲಮುಗಳಲ್ಲಿ ಬರೆದು ನೋಡಬೇಕು. ಎರಡನೆಯ ಕಲಮು ಬರಿದಾಗಿದ್ದರೆ ಅದನ್ನು ತುಂಬುವ ನಿರ್ಣಯವನ್ನು ಆ ಸಭೆಯಲ್ಲಿಯೇ ಕೈಗೊಳ್ಳುವುದು ಶ್ರಾವಕಧರ್ಮಕ್ಕೆ ಶೋಭೆ.